ಮುಖಕ್ಕೆ ಮಸಿ ಬಳಿಯುವ ಗ್ರೀಕ್ ಕ್ರಿಯಾಪದ: ಐಸ್ಖೂನೊಮೈ ಕಲಿಯುದು ಹೇಗೆ

ಹಳೇ ಗ್ರೀಕ್ ಕಲಿಯುವವರು ಈ ಶಬ್ದ ಬಂದ ಕೂಡ್ಲೇ ನೋಟ್ ಪುಸ್ತಕದಲ್ಲಿ "ಐಸ್ಖೂನೊಮೈ = ನಾಚಿಕೆಪಡು" ಅಂತ ಬರ್ದು ಮುಂದೆ ಹೋಗ್ತಾರೆ, ನಾನೂ ಹಾಗೇ ಮಾಡಿದ್ದು, ಆಮೇಲೆ ಹೋಮರನ ಇಲಿಯಡ್ ಕಾವ್ಯ ಬಿಡಿಸಿ ಕೂತಾಗ ಅದರ ನಾಯಕ ಅಕಿಲೀಸ್ ತನ್ನ ಚಂದದ ಮುಖವನ್ನು "ನಾಚಿಕೆಪಡಿಸಿದ" ಅಂತ ಬಂತು. ಮುಖವನ್ನು ನಾಚಿಕೆಪಡಿಸುದು ಅಂದ್ರೆ ಎಂತದು ಮಾರಾಯ್ರೆ?

ಹಾಗಾಗಿ ನನ್ನ ಮಾತು ಕೇಳುದಾದ್ರೆ ಐಸ್ಖೂನೊಮೈಯಿಂದ ಶುರು ಮಾಡ್ಬೇಡಿ, ಐಸ್ಖೂನೋ ಅನ್ನುವ ಕರ್ತರಿ ರೂಪದಿಂದ ಶುರು ಮಾಡಿ. ಅದರ ಮೂಲ ಅರ್ಥ ಚಂದ ಕೆಡಿಸು, ವಿಕಾರ ಮಾಡು. ಅದೇ ಕುಟುಂಬದ ಐಸ್ಖ್ರೊಸ್ ಅನ್ನುವ ಗುಣವಾಚಕಕ್ಕೆ ಕುರೂಪಿ ಅಂತಲೂ ಅರ್ಥ ಉಂಟು, ನಾಚಿಕೆಗೇಡು ಅಂತಲೂ ಉಂಟು. ಇಲಿಯಡ್‌ನ 18ನೇ ಭಾಗದಲ್ಲಿ ಗೆಳೆಯ ಪಾಟ್ರೊಕ್ಲೊಸ್ ಸತ್ತ ಸುದ್ದಿ ಬಂದಾಗ ಅಕಿಲೀಸ್ ಎರಡೂ ಕೈಯಲ್ಲಿ ಕಪ್ಪು ಮಸಿಧೂಳು ತೆಗ್ದು ತಲೆ ಮೇಲೆ ಸುರ್ಕೊಳ್ತಾನೆ, ಮುಖದ ಚಂದ ಕೆಡಿಸಿಕೊಳ್ತಾನೆ, ಅಲ್ಲಿ ಬರುವ ಕ್ರಿಯಾಪದ ಇದೇ. ನಮ್ಮ "ಮುಖಕ್ಕೆ ಮಸಿ ಬಳಿದ" ಅನ್ನುವ ಮಾತಿಗೆ ಇದಕ್ಕಿಂತ ಹತ್ತಿರದ್ದು ಎಲ್ಲಿ ಸಿಗ್ತದೆ? ಯಕ್ಷಗಾನ ಮುಗ್ದ ಮೇಲೆ ಬೆಳಿಗ್ಗೆ ಚೌಕಿಗೆ (ವೇಷ ಕಟ್ಟುವ ಜಾಗ) ಹೋಗಿ ನೋಡಿ, ತೆಂಗಿನೆಣ್ಣೆ ಹಚ್ಚಿ ಬಣ್ಣ ತಿಕ್ಕುವಾಗ ಕೆಂಪು ಕಪ್ಪು ಎಲ್ಲ ಕಲಸಿಹೋಗಿ ಅರ್ಧ ಗಂಟೆ ಮೊದ್ಲು ದೇವೇಂದ್ರ ಆಗಿದ್ದ ಮುಖ ಹೇಗೆ ಕಾಣ್ತದೆ. ಐಸ್ಖೂನೋ ಅಂದ್ರೆ ಅದು.

ಅಲ್ಲಿಂದ ಮುಂದೆ ದಾರಿ ಸಲೀಸು. ಇಲಿಯಡ್‌ನ 6ನೇ ಭಾಗದಲ್ಲಿ ಗ್ಲೌಕೊಸ್ ಅನ್ನುವ ವೀರ, ಹಿರಿಯರ ಕುಲಕ್ಕೆ ಕಳಂಕ ತರ್ಬೇಡ ಅಂತ ಅಪ್ಪ ಹೇಳಿ ಕಳ್ಸಿದ್ದು ಅಂತಾನೆ, ಅಲ್ಲೂ ಇದೇ ಕ್ರಿಯಾಪದ, ಈಗ ಮಸಿ ಮುಖಕ್ಕಲ್ಲ ಮನೆತನಕ್ಕೆ. ಅದೇ ಮಸಿ ನಮ್ಮ ಮುಖಕ್ಕೇ ಬಿದ್ದಾಗ ಐಸ್ಖೂನೊಮೈ, ಅಂದ್ರೆ ನಂಗೆ ನಾಚಿಕೆ ಆಗ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಈ ಕ್ರಿಯಾಪದದ ಜೊತೆ "ಹೇಳು" ಅನ್ನುವ ಶಬ್ದದ ಲೆಗೇನ್ ರೂಪ ಬಂದ್ರೆ ಒಂದು ಅರ್ಥ, ಲೆಗೋನ್ ರೂಪ ಬಂದ್ರೆ ಇನ್ನೊಂದು. ವ್ಯಾಕರಣ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ಹೋಗ್ತದೆ, ನಮ್ಮ ಕಾಸರಗೋಡು ಕನ್ನಡದಲ್ಲಿ ಒಂದೇ ಸಾಲು: ಲೆಗೇನ್ ಅಂದ್ರೆ "ಹೇಳ್ಲಿಕ್ಕೆ ನಾಚಿಕೆ", ಲೆಗೋನ್ ಅಂದ್ರೆ "ಹೇಳ್ತಾ ನಾಚಿಕೆ". ಮದುವೆ ಮನೆಯಲ್ಲಿ ಹಾಡು ಹೇಳು ಅಂತ ಒತ್ತಾಯ ಮಾಡಿದಾಗ ನಮ್ಮ ಚಿಕ್ಕಮ್ಮ "ಹಾಡ್ಲಿಕ್ಕೆ ನಾಚಿಕೆ ಆಗ್ತದೆ" ಅಂದ್ರೆ ಹಾಡು ಇಲ್ಲ ಅಂತ ಲೆಕ್ಕ, ಅದೇ ಮೈಕ್ ಹಿಡಿದು ಎರಡು ಸಾಲು ಆದ ಮೇಲೆ ಸೆರಗು ಬಾಯಿಗೆ ಹಿಡಿದ್ರೆ ಅದು ಹಾಡ್ತಾ ನಾಚಿಕೆ. ಮೊದಲನೇದ್ರಲ್ಲಿ ಕೆಲಸ ಸಾಮಾನ್ಯವಾಗಿ ಆಗುದಿಲ್ಲ, ಎರಡನೇದ್ರಲ್ಲಿ ಆಗ್ತಾ ಉಂಟು. ಕ್ಸೆನೊಫೋನ್ ಬರೆದ ಸೈರಸ್ ರಾಜನ ಕಥೆಯ 5ನೇ ಪುಸ್ತಕದಲ್ಲಿ ಎರಡೂ ಒಟ್ಟೊಟ್ಟಿಗೆ ಸಿಗ್ತದೆ: ಈ ಮಾತು ಹೇಳ್ತಾ ನಂಗೆ ನಾಚಿಕೆ ಇಲ್ಲ, ಆದ್ರೆ ನನ್ನ ಹತ್ರ ನಿಂತ್ರೆ ಮಾತ್ರ ಋಣ ತೀರಿಸ್ತೇನೆ ಅಂತ ಹೇಳ್ಲಿಕ್ಕೆ ನಾಚಿಕೆ ಆದೀತು, ಅಂತ ಸೈರಸ್ ಹೇಳುದು.

ಇನ್ನೊಂದು ಸಣ್ಣ ವಿಷಯ, ಯಾರ ಎದುರು ನಾಚಿಕೆಯೋ ಅವರಿಗೆ ದ್ವಿತೀಯಾ ವಿಭಕ್ತಿ ಹಾಕ್ಬೇಕು. ನಮ್ಗೆ "ಅಪ್ಪನ ಎದುರು", ಗ್ರೀಕರಿಗೆ "ಅಪ್ಪನನ್ನು".

ರೂಪಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಳ್ಬೇಡಿ ಅಂತ ನಾನು ಎಲ್ಲರಿಗೂ ಹೇಳುದು. ಗ್ರೀಕಿನ ಹ್ರಸ್ವ ಎ ದೀರ್ಘ ಏ, ಹ್ರಸ್ವ ಒ ದೀರ್ಘ ಓ ಎರಡೂ ನಮ್ಮ ಲಿಪಿಯಲ್ಲಿ ಬೇರೆ ಬೇರೆ ಉಂಟು, ಖ ಥ ಫ ಮಹಾಪ್ರಾಣವೂ ಉಂಟು, ಹಿಂದಿಯವರಿಗೂ ಅಷ್ಟು ಅನುಕೂಲ ಇಲ್ಲ. "ಖೂ" ಮಾತ್ರ ಸ್ವಲ್ಪ ಮೋಸ, ತುಟಿ ಊ ಹೇಳುವ ಹಾಗೆ ಗುಂಡಗೆ ಮಾಡಿ ಒಳಗಿಂದ ಈ ಹೇಳ್ಬೇಕು. ವರ್ತಮಾನ ಹೀಗೆ: ಐಸ್ಖೂನೊಮೈ, ಐಸ್ಖೂನೇ, ಐಸ್ಖೂನೆತೈ, ಬಹುವಚನ ಐಸ್ಖೂನೊಮೆಥ, ಐಸ್ಖೂನೆಸ್ಥೆ, ಐಸ್ಖೂನೊಂತೈ. ಭವಿಷ್ಯತ್ತು ಐಸ್ಖುನೂಮೈ, ಇಲ್ಲಿ ಖೂ ಹೋಗಿ ಖು ಆದದ್ದು, ದೀರ್ಘ ಮುಂದಿನ ಅಕ್ಷರಕ್ಕೆ ಹೋದದ್ದು ಕನ್ನಡದಲ್ಲಿ ಬರೆದ್ರೆ ಕಣ್ಣಿಗೇ ಕಾಣ್ತದೆ. ಆಗಿಹೋದದ್ದಕ್ಕೆ ಏಸ್ಖುನ್ಥೇನ್, ನಂಗೆ ನಾಚಿಕೆ ಆಯ್ತು. ಆಗ್ತಾ ಇತ್ತು ಅಂತಾದ್ರೆ ಏಸ್ಖೂನೊಮೇನ್. ಬೈಬಲ್ಲಿನ ಹಳೇ ಗ್ರೀಕ್ ಅನುವಾದದಲ್ಲಿ ಆದಾಮ ಹವ್ವ ಬೆತ್ತಲೆ ಇದ್ರೂ ನಾಚ್ತಾ ಇರ್ಲಿಲ್ಲ ಅನ್ನುವಲ್ಲಿ ಊಕ್ ಏಸ್ಖೂನೊಂತೊ ಅಂತ ಇರುದು ಇದರ ಬಹುವಚನ.

ಈ ಮುಂದಿನ "ಏ" ಒಂದು ದೊಡ್ಡ ಉಪದ್ರ. ಅಂಗಳದಲ್ಲಿ ಅಡಿಕೆ ಒಣಗ್ಲಿಕ್ಕೆ ಹಾಕಿ ಕಾಯ್ತಾ ಕೂತವ ನಾನು ಡಿಕ್ಷನರಿಯಲ್ಲಿ ಏಸ್ಖು ಏಸ್ಖು ಅಂತ ಒಂದು ಮಧ್ಯಾಹ್ನ ಇಡೀ ಹುಡುಕಿದ್ದೇನೆ, ಅಷ್ಟರಲ್ಲಿ ಮಳೆ ಬಂದು ಅಡಿಕೆ ಸಹ ಒದ್ದೆ. ಭೂತಕಾಲದಲ್ಲಿ ಮೊದಲ ಐ ಉದ್ದ ಆಗಿ ಏ ಆಗ್ತದೆ, ಹಾಗಾಗಿ ಹುಡುಕ್ಬೇಕಾದ್ದು ಐ ಕೆಳಗೆ, ಅದೂ ಐಸ್ಖೂನೋ ಅಂತ, ಐಸ್ಖೂನೊಮೈ ಅದರ ಹೊಟ್ಟೆಯೊಳಗೆ ಇರ್ತದೆ.

ಐದೂಮೈ (ಪೂರ್ತಿ ಬಿಡಿಸಿದ್ರೆ ಐದೆಒಮೈ) ಅಂತ ಇನ್ನೊಂದು ಉಂಟು, ಅದರಲ್ಲಿ ಗೌರವ, ಸಂಕೋಚ ಜಾಸ್ತಿ. ಮಲಯಾಳಂ ಗೊತ್ತಿರುವ ನಮ್ಮವರಿಗೆ ಬೇಗ ಹೇಳುದಾದ್ರೆ ಐದೂಮೈ ನಾಣಂ (ಸಂಕೋಚ) ಕಡೆಗೆ, ಐಸ್ಖೂನೊಮೈ ನಾಣಕ್ಕೇಡ್ (ಮಾನಗೇಡು) ಕಡೆಗೆ. ಗ್ರೀಕರೇ ಆಮೇಲಾಮೇಲೆ ಎರಡನ್ನೂ ಕಲಸಿದ್ದಾರೆ, ಹಾಗಾಗಿ ಗೆರೆ ತುಂಬ ಗಟ್ಟಿಯಾಗಿ ಎಳೀಬೇಡಿ.

ಅಭ್ಯಾಸಕ್ಕೆ ಲೂಕನ ಸುವಾರ್ತೆಯ 16ನೇ ಅಧ್ಯಾಯದ 3ನೇ ವಚನ ತೆಗೀರಿ. ಕೆಲಸ ಹೋಗುವ ಪಾರುಪತ್ಯಗಾರ ಹೇಳುದು: ಸ್ಕಪ್ತೇನ್ ಊಕ್ ಇಸ್ಖೂಓ, ಎಪೈತೇನ್ ಐಸ್ಖೂನೊಮೈ. ಅಗೀಲಿಕ್ಕೆ ತ್ರಾಣ ಇಲ್ಲ, ಬೇಡ್ಲಿಕ್ಕೆ ನಾಚಿಕೆ. ಇಸ್ಖೂಓ ಅಂದ್ರೆ ಬಲ ಇರುದು, ಅದು ಬೇರೆಯೇ ಕ್ರಿಯಾಪದ, ಪರೀಕ್ಷೆಗೆ ಓದುವವರು ಇವೆರಡನ್ನು ಅದಲುಬದಲು ಮಾಡಿ "ಬೇಡ್ಲಿಕ್ಕೆ ತ್ರಾಣ ಇಲ್ಲ" ಅಂತ ಬರೀತಾರೆ, ಹಾಗಾಗಿ ನಾಲ್ಕು ಸಲ ಗಟ್ಟಿಯಾಗಿ ಓದಿ, ಮನೆಯವರು ಎಂತಾಯ್ತು ಇವನಿಗೆ ಅಂತ ಬಂದು ನೋಡಿದ್ರೆ ಓದ್ತಾ ನಾಚಿಕೆ ಆಗ್ಲಿ, ಓದ್ಲಿಕ್ಕೆ ನಾಚಿಕೆ ಆಗುದು ಬೇಡ.