ನಿಯಾಂಡರ್ತಲ್ ಮೂಳೆಯಲ್ಲಿ ಆರೈಕೆಯ ಗುರುತನ್ನು ಓದುವ ಬಗೆ

ನಮಗೆ ಹತ್ತಿರದ, ಈಗ ಅಳಿದುಹೋಗಿರುವ ಮಾನವ ಬಗೆಯಾದ ನಿಯಾಂಡರ್ತಲರು ತಮ್ಮ ಗುಂಪಿನ ರೋಗಿಗಳನ್ನೂ ಅಂಗವಿಕಲರನ್ನೂ ನೋಡಿಕೊಳ್ಳುತ್ತಿದ್ದರು ಎಂಬ ಮಾತು ಸುದ್ದಿಗಳಲ್ಲಿ ಆಗಾಗ ಬರುತ್ತದೆ. ಅದನ್ನು ಒಪ್ಪುವ ಮೊದಲು ಆಧಾರವಾಗಿರುವ ಮೂಳೆಯನ್ನು ಕ್ರಮವಾಗಿ ಪರಿಶೀಲಿಸಬೇಕು. ಇರಾಕಿನ ಕುರ್ದಿಸ್ತಾನದಲ್ಲಿರುವ ಶಾನಿದಾರ್ ಗುಹೆಯಲ್ಲಿ ಪುರಾತತ್ತ್ವಜ್ಞ ರಾಲ್ಫ್ ಸೊಲೆಕಿ ಅವರ ತಂಡಕ್ಕೆ 1957ರಲ್ಲಿ ಸಿಕ್ಕ, ‘ಶಾನಿದಾರ್ 1’ ಎಂದು ಕರೆಯಲಾಗುವ ಗಂಡಸಿನ ಅಸ್ಥಿಪಂಜರವನ್ನೇ ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲು ನೋಡಬೇಕಾದದ್ದು ಗಾಯ ಮಾಗಿದೆಯೇ ಎಂಬುದನ್ನು. ಬದುಕಿರುವವರ ಮೂಳೆ ಮುರಿದರೆ ಹೊಸ ಮೂಳೆ ಬೆಳೆದು ಮುರಿದ ಅಂಚುಗಳು ದುಂಡಾಗುತ್ತವೆ. ಸಾವಿನ ಹೊತ್ತಿಗೋ ಆಮೇಲೋ ಮುರಿದಿದ್ದರೆ ಅಂಚು ಚೂಪಾಗಿಯೇ ಉಳಿಯುತ್ತದೆ. ಈತನ ಎಡಗಣ್ಣಿನ ಗೂಡಿನ ಹೊರ ಅಂಚು ಜಜ್ಜಿ, ಆಮೇಲೆ ಮಾಗಿದೆ. ಆ ಕಣ್ಣು ಕಾಣದಂತಾಗಿದ್ದಿರಬಹುದು. ಬಲಗೈ ಮೊಣಕೈಗಿಂತ ಮೇಲೆಯೇ ಮುಗಿದುಹೋಗಿದೆ. ಬಲಪಾದದಲ್ಲೂ ಮಾಗಿದ ಮುರಿತವಿದೆ. ಕಿವಿಯ ನಾಳಗಳಲ್ಲಿ ಮೂಳೆ ಬೆಳೆದು ದಾರಿ ಕಟ್ಟಿಕೊಂಡಿದ್ದರಿಂದ ಈತನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲವೆಂದು 2017ರ ಅಧ್ಯಯನವೊಂದು ತೋರಿಸಿತು.

ಎರಡನೆಯದಾಗಿ, ಗಾಯವಾದ ಮೇಲೆ ಎಷ್ಟು ಕಾಲ ಬದುಕಿದ್ದನೆಂಬುದನ್ನು ಅಂದಾಜಿಸಬೇಕು. ತೋಳಿನ ಮೂಳೆಯಷ್ಟೇ ಅಲ್ಲ, ಅದೇ ಬದಿಯ ಕೊರಳೆಲುಬು, ಹೆಗಲ ಮೂಳೆಗಳೂ ಸಣಕಲಾಗಿರುವುದರಿಂದ, ಆ ಕೈ ಬಹಳ ವರ್ಷ ಕೆಲಸಕ್ಕೆ ಬಾರದೆ ಉಳಿದಿತ್ತೆಂದು ಹೇಳಬಹುದು. ಸಾಯುವಾಗ ಈತನಿಗೆ ನಲವತ್ತರ ಆಸುಪಾಸಿನ ವಯಸ್ಸು. ಆ ಕಾಲಕ್ಕೆ ಅದು ಹಿರಿತನವೇ ಸರಿ.

ಮೂರನೆಯ ಪ್ರಶ್ನೆಯೇ ಕಷ್ಟದ್ದು: ಯಾರ ನೆರವೂ ಇಲ್ಲದೆ ಈತ ಬದುಕಲು ಸಾಧ್ಯವಿತ್ತೇ? ಇಲ್ಲಿ ಆತುರ ಸಲ್ಲದು. ಉಗಾಂಡದ ಬುಡೊಂಗೊ ಕಾಡಿನಲ್ಲಿ ಬೇಟೆಗಾರರ ಉರುಳಿಗೆ ಸಿಕ್ಕಿ ಕೈ ಊನವಾದ ಚಿಂಪಾಂಜಿಗಳು ವರ್ಷಗಟ್ಟಲೆ ಬದುಕುತ್ತವೆ. ಆದ್ದರಿಂದ ಒಂದೇ ಊನವನ್ನು ಆರೈಕೆಗೆ ಸಾಕ್ಷಿಯೆನ್ನಲಾಗದು. ಆದರೆ ಒಂಟಿ ಕೈ, ಕುಂಟು ಕಾಲು, ಮಂದ ದೃಷ್ಟಿ, ಕಿವುಡುತನ ಇಷ್ಟೂ ಒಬ್ಬನಲ್ಲೇ ಸೇರಿದಾಗ ಗುಂಪಿನ ನೆರವಿತ್ತೆಂಬ ವಾದವೇ ನನಗೆ ಹೆಚ್ಚು ಸಮಂಜಸವೆನಿಸುತ್ತದೆ. ಸ್ಪೇನಿನ ಕೋವಾ ನೆಗ್ರ ಗುಹೆಯ ಮಗುವಿನ ಪ್ರಕರಣ ಇನ್ನೂ ಬಲವಾದದ್ದು: ಒಳಗಿವಿಯ ರಚನೆಯಿಂದ ಅದಕ್ಕೆ ಡೌನ್ ಸಿಂಡ್ರೋಮ್ ಇದ್ದಿರಬೇಕೆಂದು 2024ರಲ್ಲಿ ವರದಿಯಾಯಿತು, ಆದರೂ ಅದು ಕನಿಷ್ಠ ಆರು ವರ್ಷ ಬದುಕಿತ್ತು; ಆರೈಕೆಯಿಲ್ಲದೆ ಅದು ಕಷ್ಟ. ಶಾನಿದಾರಿನದೇ ಇನ್ನೊಂದು ಶವದ ಮೇಲೆ ಹೂವಿಟ್ಟಿದ್ದರೆಂಬ ಜನಪ್ರಿಯ ಕಥೆಯನ್ನು ಮಾತ್ರ ಪಕ್ಕಕ್ಕಿಡಿ; ಅಲ್ಲಿಯ ಪರಾಗವನ್ನು ನೆಲದಲ್ಲಿ ಗೂಡು ಮಾಡುವ ಜೇನುನೊಣಗಳು ತಂದಿರಬಹುದು.

ಮೂಳೆಯನ್ನು ಬಿಟ್ಟು, ಇಂದಿನವರಲ್ಲಿ ನಿಯಾಂಡರ್ತಲರ ಅಂಶವೆಷ್ಟೆಂದು ಹೇಳುವ ಡಿಎನ್‌ಎ ಪರೀಕ್ಷೆಯ ವರದಿಗೆ ಬಂದರೆ, ಅದನ್ನು ಓದುವ ಕ್ರಮವೇ ಬೇರೆ. ತಳಿವಿಜ್ಞಾನಿ ಸ್ವಾಂಟೆ ಪೇಬೊ ಅವರ ತಂಡ 2010ರಲ್ಲಿ ನಿಯಾಂಡರ್ತಲ್ ಜೀನೋಮಿನ (ಇಡೀ ಡಿಎನ್‌ಎ ಸರಣಿಯ) ಕರಡನ್ನು ಪ್ರಕಟಿಸಿದ ಮೇಲೆ, ಆಫ್ರಿಕಾದ ಹೊರಗಿನ ಮೂಲದವರಲ್ಲಿ ಸುಮಾರು ಶೇ. 1ರಿಂದ 2ರಷ್ಟು ಡಿಎನ್‌ಎ ನಿಯಾಂಡರ್ತಲರಿಂದ ಬಂದದ್ದೆಂದು ಸ್ಪಷ್ಟವಾಗಿದೆ. ಶೇಕಡಾವಾರು ಅಂಕಿಗಿಂತ ಯಾವ ತುಣುಕು ಬಂದಿದೆ ಎಂಬುದು ಮುಖ್ಯ. ಮೂರನೆಯ ವರ್ಣತಂತುವಿನಲ್ಲಿರುವ, ಕೋವಿಡ್ ತೀವ್ರವಾಗುವ ಅಪಾಯವನ್ನು ಹೆಚ್ಚಿಸುವ ತುಣುಕು ಕ್ರೊವೇಷಿಯದ ವಿಂಡಿಯಾ ಗುಹೆಯ ನಿಯಾಂಡರ್ತಲ್ ಜೀನೋಮಿನಲ್ಲಿರುವುದನ್ನು ಹೋಲುತ್ತದೆ. ದಕ್ಷಿಣ ಏಷ್ಯಾದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಅದಿದೆ. ಅದು ಇದ್ದ ಮಾತ್ರಕ್ಕೆ ಕಾಯಿಲೆ ತೀವ್ರವಾಗಲೇಬೇಕೆಂದಿಲ್ಲ, ವಯಸ್ಸಿನ ಪಾತ್ರವೂ ದೊಡ್ಡದು.