ಉಯಿಲಿಗೆ ಸಾಕ್ಷಿ: ನಿಮಗಿಂತ ಚಿಕ್ಕವರಿರಲಿ

ವಿಲ್ ಬರೆಸುವಾಗ ಸಾಕ್ಷಿಗೆ ನಿಮ್ಮ ವಯಸ್ಸಿನ ಗೆಳೆಯರನ್ನು ಕರೆಯಬೇಡಿ. ನಿಮಗಿಂತ ಹದಿನೈದಿಪ್ಪತ್ತು ವರ್ಷ ಚಿಕ್ಕವರಾದ, ಆಸ್ತಿಯಲ್ಲಿ ಪಾಲಿಲ್ಲದ, ಊರಲ್ಲೇ ನೆಲೆ ನಿಂತ ಇಬ್ಬರನ್ನು ಕರೆಯಿರಿ. ಅವರ ಪೂರ್ತಿ ವಿಳಾಸ, ಫೋನ್ ನಂಬರ್ ಸಹಿಯ ಕೆಳಗೇ ಬರೆಸಿ. ಯಾಕೆಂದರೆ, ವಿಲ್ ಕೋರ್ಟ್ ಮೆಟ್ಟಿಲು ಹತ್ತುವುದು ಬರೆದವರು ಹೋದ ಮೇಲೆ. ಆಗ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು "ಇವರು ಸಹಿ ಹಾಕಿದ್ದು ನಿಜ" ಎನ್ನಬೇಕು. ರಿಜಿಸ್ಟರ್ ಆಗಿದ್ದರೂ ಇದು ತಪ್ಪುವುದಿಲ್ಲ. ಸಬ್ ರಿಜಿಸ್ಟ್ರಾರ್ ಸೀಲಿದ್ದರೆ ಸಾಕು ಅಂತ ಬಹಳ ಜನ ನಂಬಿಕೊಂಡಿದ್ದಾರೆ. ಇಬ್ಬರು ಸಾಕ್ಷಿಗಳೂ ಇಲ್ಲವಾದರೆ ದಾರಿ ಮುಚ್ಚುವುದಿಲ್ಲ, ಆದರೆ ಒಬ್ಬ ಸಾಕ್ಷಿಯ ಕೈಬರಹವನ್ನೂ ಬರೆದವರ ಸಹಿಯನ್ನೂ ಬೇರೆಯವರಿಂದ ಗುರುತಿಸಿ ಸಾಬೀತು ಮಾಡಬೇಕು. ಅದು ವಕೀಲರಿಗೆ ಕೆಲಸ, ಮಕ್ಕಳಿಗೆ ಖರ್ಚು. "ಒಳಗೇನಿದೆಯೋ, ನಮಗ್ಯಾಕೆ ಉಸಾಬರಿ" ಎಂದು ಹಿಂಜರಿಯುವವರಿಗೆ ಹೇಳಿ: ಸಾಕ್ಷಿ ವಿಲ್ ಓದಬೇಕಿಲ್ಲ. ನೀವು ಸಹಿ ಹಾಕುವುದನ್ನು ಕಣ್ಣಾರೆ ಕಂಡು, ನಿಮ್ಮೆದುರೇ ತಾವೂ ಸಹಿ ಹಾಕಿದರೆ ಆಯಿತು. ವಯಸ್ಸಾದವರ ವಿಲ್ ಆದರೆ ಒಬ್ಬ ಸಾಕ್ಷಿ ಡಾಕ್ಟರ್ ಆಗಿರುವುದು ಒಳ್ಳೆಯದು, ವರ್ಗವಾಗಿ ಹೋಗುವ ಸರ್ಕಾರಿ ಡಾಕ್ಟರ್ ಬೇಡ. ಇಷ್ಟೆಲ್ಲ ಮಾಡಿದರೂ ನಿಮ್ಮದಲ್ಲದ್ದನ್ನು ಕೊಡಲಾಗದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಜಮೀನಿನಲ್ಲಿ ನಿಮ್ಮ ಪಾಲಿಗಷ್ಟೇ ವಿಲ್ ನಡೆಯುತ್ತದೆ. ಹೆಣ್ಣುಮಕ್ಕಳ ಪಾಲನ್ನೂ ಸೇರಿಸಿ ಗಂಡುಮಕ್ಕಳ ಹೆಸರಿಗೆ ಬರೆದಿಟ್ಟರೆ ಎಂಥ ಸಾಕ್ಷಿಯೂ ಉಳಿಸಲಾರರು.