ಮಾಪ್ಸಾ ಸಂತೆ ಮುಗಿಸಿ, ಕೊಡೆ ಹಿಡಿದು: ಫುಟ್‌ಬಾಲ್ ತಂಡದ ಪ್ರಾಕ್ಟೀಸ್ ನೋಡುವ ಬಗೆ

ನನ್ನದು ಗೋವಾದ ಮಾಪ್ಸಾ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ. ಊರು ಬೈಲಹೊಂಗಲದ ಕಡೆ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಬರುವ ಮಾಲನ್ನು ನಸುಕಿನಲ್ಲೇ ಇಳಿಸಿಕೊಳ್ಳಬೇಕು. ಹಾಗಾಗಿ ನನ್ನ ದಿನ ಮೂರೂವರೆಗೆ ಶುರುವಾಗುತ್ತದೆ. ಮಧ್ಯಾಹ್ನ ಎರಡಕ್ಕೆ ಹೆಂಡತಿ ಬಂದು ಗಲ್ಲಾ ಮೇಲೆ ಕೂತರೆ ಸಂಜೆ ನನ್ನದು. ಮಳೆಗಾಲದ ಆ ಸಂಜೆಗಳನ್ನು ನಾನು ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ನಿಂತು ಕಳೆಯುತ್ತೇನೆ. ಮ್ಯಾಚ್ ನೋಡಲು ಅಲ್ಲ, ಪ್ರಾಕ್ಟೀಸ್ ನೋಡಲು.

ಇಲ್ಲಿ ಕೆಲಸಕ್ಕೆ ಬಂದಿರುವ ನಮ್ಮ ಕಡೆಯ ಹುಡುಗರು ಮೊದಲು ನಗುತ್ತಿದ್ದರು. 'ಗೋಲಿಲ್ಲ, ಗದ್ದಲಿಲ್ಲ, ಏನ್ ನೋಡಾಕ್ ಹೋಗ್ತೀ ಕಾಕಾ?' ಎಂದು ಗದಗದ ಗೌಂಡಿಯೊಬ್ಬ ಕೇಳಿದ್ದ. ಈಗ ಅವನೇ ರಜೆಯ ದಿನ ನನಗಿಂತ ಮುಂಚೆ ಹೋಗಿ ನಿಂತಿರುತ್ತಾನೆ. ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಾಗದ ಮಾತು. ಗೋವಾದ ದೊಡ್ಡ ತಂಡ ಎಫ್‌ಸಿ ಗೋವಾ. 2014ರಲ್ಲಿ ಹುಟ್ಟಿದ್ದು. ಅಂಗಿ ನಮ್ಮ ಗಜ್ಜರಿ ಬಣ್ಣದ್ದು. ಮ್ಯಾಚ್ ಆಡುವುದು ಮಡಗಾಂವ್‌ನ ಫಾತೋರ್ಡಾ ಸ್ಟೇಡಿಯಂನಲ್ಲಿ. ಪ್ರಾಕ್ಟೀಸ್ ಮಾತ್ರ ಹೆಚ್ಚಾಗಿ ಪರ್ವರಿ ಹತ್ತಿರದ ಸಾಲ್ವದೋರ್ ದು ಮುಂದು ಊರಿನ ಮೈದಾನದಲ್ಲಿ ನಡೆದಿದೆ. ಮಾಪ್ಸಾದಿಂದ ಪಣಜಿ ಬಸ್ಸು ಹತ್ತಿ ಪರ್ವರಿಯಲ್ಲಿ ಇಳಿದರೆ ಅಲ್ಲಿಂದ ದೂರವೇನಿಲ್ಲ. ಆದರೆ ಎದ್ದು ಹೊರಡುವ ಮುಂಚೆ ಕ್ಲಬ್ಬಿನ ಇನ್‌ಸ್ಟಾಗ್ರಾಂ ಪುಟ ನೋಡಿಕೊಳ್ಳಿ. ಕೆಲವು ದಿನ ಜನರನ್ನು ಒಳಗೆ ಬಿಡುತ್ತಾರೆ, ಕೆಲವು ದಿನ ಗೇಟು ಮುಚ್ಚಿರುತ್ತದೆ. ಮುಚ್ಚಿದ್ದರೆ ವಾಚ್‌ಮನ್ ಜೊತೆ ವಾದ ಮಾಡಬೇಡಿ. ಸುಮ್ನೆ ವಾಪಸ್ ಬನ್ನಿ.

ಬೇಸರವೂ ಬೇಡ. ಇದು ಗೋವಾ. ಡೆಂಪೊ, ಸಾಲ್ಗಾಂವ್ಕರ್, ಚರ್ಚಿಲ್ ಬ್ರದರ್ಸ್, ಸ್ಪೋರ್ಟಿಂಗ್ ಎಂದು ಹಳೆಯ ಕ್ಲಬ್ಬುಗಳು ಸಾಲಾಗಿವೆ. ಡೆಂಪೊ ಒಂದೇ 5 ಸಲ ದೇಶದ ಲೀಗ್ ಗೆದ್ದಿದೆ. ಇನ್ನು ಊರೂರಿಗೂ ಚರ್ಚಿನ ಪಕ್ಕವೋ ಗದ್ದೆಯ ಅಂಚಿಗೋ ಒಂದು ಮೈದಾನ ಇದ್ದೇ ಇರುತ್ತದೆ. ಒಂದು ಗೇಟು ಮುಚ್ಚಿದರೆ ಇನ್ನೊಂದು ಕಡೆ ಯಾರೋ ಆಡುತ್ತಿರುತ್ತಾರೆ. 2020ರ ಕೊನೆಗೆ ಮಾತ್ರ ನನ್ನ ಹೊಟ್ಟೆ ಉರಿದಿತ್ತು. ಕೊರೊನಾ ಅಂತ ದೇಶದ ದೊಡ್ಡ ಲೀಗ್ ಐಎಸ್‌ಎಲ್‌ನ (ಇಂಡಿಯನ್ ಸೂಪರ್ ಲೀಗ್) 11 ತಂಡಗಳೂ ಗೋವಾದಲ್ಲೇ ಬಿಡಾರ ಹೂಡಿದ್ದವು. ಇಡೀ ಸೀಸನ್ ಫಾತೋರ್ಡಾ, ಬಾಂಬೋಳಿ, ವಾಸ್ಕೋದಲ್ಲೇ ನಡೆಯಿತು. ನೋಡಲು ಒಬ್ಬರಿಗೂ ಬಿಡಲಿಲ್ಲ. ಊಟದ ಎಲೆ ಮುಂದಿದ್ದರೂ ಬಾಯಿ ಕಟ್ಟಿದ ಹಾಗೆ.

ಸೀಸನ್ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತದೆ. ಒಮ್ಮೊಮ್ಮೆ ಅದು ಹಿಂದೆ ಮುಂದೆ ಆಗುತ್ತದೆ. ಅದಕ್ಕೂ ಮುಂಚೆ ಜುಲೈ-ಆಗಸ್ಟ್‌ನಲ್ಲಿ ಡುರಾಂಡ್ ಕಪ್ ಇರುತ್ತದೆ. 1888ರಿಂದ ಇರುವ ಟೂರ್ನಿ ಅದು. ಎಫ್‌ಸಿ ಗೋವಾ ಅದನ್ನು 2021ರಲ್ಲಿ ಗೆದ್ದಿತು. ಹೀಗಾಗಿ ತಯಾರಿಯ ವಾರಗಳು ಸರಿಯಾಗಿ ನಡು ಮಳೆಗಾಲದಲ್ಲಿ ಬೀಳುತ್ತವೆ. ಗೋವಾದ ಮಳೆ ಗೊತ್ತಲ್ವಾ? ವರ್ಷಕ್ಕೆ ಹತ್ತಿರ ಹತ್ತಿರ 3000 ಮಿಲಿಮೀಟರ್. ದೊಡ್ಡ ಕೊಡೆ ಬೇಕು. ರಬ್ಬರ್ ಚಪ್ಪಲಿ ಬೇಕು, ಶೂ ಬೇಡ. ಸೊಳ್ಳೆಗೆ ಓಡೋಮಸ್ ಬೇಕು. ಮಾಪ್ಸಾ ಬಸ್ ಸ್ಟ್ಯಾಂಡಿನಲ್ಲಿ ಎರಡು ಕಟ್ಲೆಟ್ ಪಾವ್ ಕಟ್ಟಿಸಿಕೊಳ್ಳಿ, ಮೈದಾನದ ಹತ್ತಿರ ಏನಾದರೂ ಸಿಗುತ್ತದೆ ಎಂದು ನಂಬಿ ಹೋಗಬೇಡಿ. ಗುಡುಗು ಶುರುವಾದರೆ ಕೋಚ್ ಆಟಗಾರರನ್ನು ಒಳಗೆ ಕರೆಯುತ್ತಾರೆ. ಆಗ ನೀವೂ ಮರದ ಕೆಳಗೆ ನಿಲ್ಲದೆ ಸೂರಿನ ಕೆಳಗೆ ಓಡಿ.

ನಿಲ್ಲುವ ಜಾಗದ ಬಗ್ಗೆ ಒಂದು ಮಾತು. ಎಲ್ಲರೂ ಗೋಲಿನ ಹಿಂದೆ ಹೋಗಿ ನಿಲ್ಲುತ್ತಾರೆ. ಅಲ್ಲಿಂದ ಹೊಡೆತ ಕಾಣುತ್ತದೆ, ಆಟ ಕಾಣುವುದಿಲ್ಲ. ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಉದ್ದದ ಗೆರೆಯ ಬದಿಗೆ, ಸ್ವಲ್ಪ ಎತ್ತರದಲ್ಲಿ, ಗೋಡೆಯೋ ದಿಬ್ಬವೋ ಇದ್ದರೆ ಅದರ ಮೇಲೆ ನಿಲ್ಲಿ. ಎತ್ತರ ಒಂದೆರಡು ಅಡಿ ಜಾಸ್ತಿಯಾದರೂ ಆಟಗಾರರ ನಡುವಿನ ಅಂತರ ಕಾಣತೊಡಗುತ್ತದೆ.

ಮತ್ತೆ, ಅರ್ಧ ಗಂಟೆ ಮುಂಚೆ ಹೋಗಿ. ಮೊದಲು ಬರುವವರು ಗೋಲ್‌ಕೀಪರ್‌ಗಳು, ಅವರದೇ ಬೇರೆ ಕೋಚ್ ಜೊತೆ. ಅವರ ಕೈ ನೋಡಬೇಡಿ, ಕಾಲು ನೋಡಿ. ಎದುರಿನವನು ಒದೆಯುವ ಕ್ಷಣಕ್ಕೆ ಒಳ್ಳೆಯ ಕೀಪರನ ಎರಡೂ ಕಾಲು ನೆಲದ ಮೇಲೆ ನಿಂತಿರುತ್ತವೆ. ಇನ್ನೂ ನಡೆಯುತ್ತಿದ್ದರೆ ಅರ್ಧ ಹೆಜ್ಜೆ ತಡವಾಯಿತು ಎಂದೇ ಲೆಕ್ಕ. ಗೋಲಿನ ಅಗಲ 7.32 ಮೀಟರ್. ಅಲ್ಲಿ ಅರ್ಧ ಹೆಜ್ಜೆ ಎಂದರೆ ಬಹಳ.

ಆಮೇಲೆ ಉಳಿದವರು ಬರುತ್ತಾರೆ. ಅಂಗಿಯ ಕೆಳಗೆ ಕಪ್ಪು ತುಂಡು ಬನಿಯನ್ ಇರುತ್ತದೆ. ಹೆಂಗಸರ ಒಳ ಉಡುಪಿನ ಹಾಗೆ ಕಾಣುತ್ತದೆ ಎಂದು ನಮ್ಮ ಪ್ಲಂಬರ್ ಹುಡುಗ ಬಿದ್ದು ಬಿದ್ದು ನಕ್ಕಿದ್ದ. ಅದರ ಹಿಂಭಾಗದಲ್ಲಿ, ಎರಡು ಹೆಗಲ ನಡುವೆ, ಬೆಂಕಿಪೊಟ್ಟಣದಂಥ ಜಿಪಿಎಸ್ ಯಂತ್ರ ಕೂತಿರುತ್ತದೆ. ಯಾರು ಎಷ್ಟು ಓಡಿದರು, ಎಷ್ಟು ಜೋರಾಗಿ ಓಡಿದರು, ಎಷ್ಟು ಸಲ ಗಕ್ಕನೆ ನಿಂತರು, ಎಲ್ಲ ಅದರಲ್ಲಿ ದಾಖಲಾಗುತ್ತದೆ. ರಜೆ ಮುಗಿಸಿ ಬಂದ ಮೈಗೆ ಮೊದಲ ವಾರವೇ ಜಾಸ್ತಿ ಭಾರ ಹಾಕಿದರೆ ತೊಡೆಯ ಹಿಂದಿನ ಸ್ನಾಯು ಹರಿಯುತ್ತದೆ. ಅದಕ್ಕೇ ಈ ಲೆಕ್ಕ. ಒಬ್ಬನನ್ನು ನಡುವೆಯೇ ಕರೆದು ಪಕ್ಕಕ್ಕೆ ಕೂರಿಸಿದರೆ ಬೈಸಿಕೊಂಡ ಎಂದುಕೊಳ್ಳಬೇಡಿ. ಅವನ ಆ ದಿನದ ಪಾಲು ಮುಗಿದಿರಬಹುದು.

ಮೊದಲ ದಿನಗಳಲ್ಲಿ ಓಟದ ಪರೀಕ್ಷೆ ಸಿಕ್ಕರೆ ನಿಮ್ಮ ಅದೃಷ್ಟ. ಯೋ-ಯೋ ಅನ್ನುತ್ತಾರೆ. 20 ಮೀಟರ್ ಹೋಗಬೇಕು, 20 ಮೀಟರ್ ಬರಬೇಕು, 10 ಸೆಕೆಂಡ್ ಸುಧಾರಿಸಿಕೊಳ್ಳಬೇಕು. ಬೀಪ್ ಸದ್ದು ಬರಬರುತ್ತಾ ಬೇಗ ಆಗುತ್ತದೆ. ಎರಡು ಸಲ ಗೆರೆ ತಪ್ಪಿದರೆ ಔಟ್. ಇಲ್ಲಿ ಗೆದ್ದವನಿಗಿಂತ ಸೋಲುವ ಹೊತ್ತಿಗೆ ಬಂದವನು ನೋಡಲು ಚೆಂದ. ಕೆಲವರು ಗೆರೆ ಮುಟ್ಟಿದ ಹಾಗೆ ಮಾಡಿ ಒಂದು ಗೇಣು ಮೊದಲೇ ತಿರುಗುತ್ತಾರೆ. ತಕ್ಕಡಿ ಹಿಡಿಯುವವನಿಗೆ ಅದು ತಕ್ಷಣ ಕಾಣುತ್ತದೆ!

ಈಗ ಅಸಲಿ ವಿಷಯ, ರೊಂಡೊ. ನಾಲ್ಕೈದು ಜನ ಸುತ್ತ ನಿಲ್ಲುತ್ತಾರೆ, ಇಬ್ಬರು ನಡುವೆ. ಸುತ್ತಲಿನವರು ಒಂದೇ ಮುಟ್ಟಿಗೆ ಚೆಂಡು ದಾಟಿಸುತ್ತಾ ಇರಬೇಕು. ನಡುವಿನವರು ಕಸಿಯಬೇಕು. ಕಳೆದುಕೊಂಡವನು ನಡುವೆ ಹೋಗಬೇಕು. ಮಕ್ಕಳಾಟ ಅನಿಸುತ್ತದೆ, ನಗು-ಕೂಗಾಟ ಬೇರೆ. ನಾನೂ ಮೊದಲು ಇದನ್ನು ಟೈಂಪಾಸ್ ಅಂದುಕೊಂಡು ಕಟ್ಲೆಟ್ ಬಿಚ್ಚುತ್ತಿದ್ದೆ. 2017ರಲ್ಲಿ ಸ್ಪೇನ್‌ನ ಸೆರ್ಜಿಯೋ ಲೊಬೇರಾ ಕೋಚ್ ಆಗಿ ಬಂದ ಮೇಲೆ ಎಫ್‌ಸಿ ಗೋವಾದ ಮ್ಯಾಚ್ ನೋಡುತ್ತಾ ಕೂತಾಗ ತಲೆಗೆ ಹೊಳೆಯಿತು. ಇವರು ಮೈದಾನ ತುಂಬ ಆಡುತ್ತಿರುವುದು ರೊಂಡೊವೇ. ನಾಲ್ಕು ಜನ ಸೇರಿ ಇಬ್ಬರನ್ನು ಓಡಾಡಿಸಿ ಸುಸ್ತು ಮಾಡುವುದು, ಆಮೇಲೆ ಅವರ ನಡುವಿನಿಂದ ಚೆಂಡು ತೂರಿಸುವುದು. ಆ ಸೀಸನ್‌ನಲ್ಲಿ ತಂಡದ ಸ್ಪೇನ್ ಆಟಗಾರ ಕೋರೊ ಒಬ್ಬನೇ 18 ಗೋಲು ಹೊಡೆದ. 2019-20ರಲ್ಲಿ ತಂಡ ಲೀಗಿನ ಪಟ್ಟಿಯಲ್ಲಿ ಮೊದಲು ನಿಂತಿತು. ಅದರಿಂದಲೇ 2021ರಲ್ಲಿ ಏಷ್ಯಾದ ಕ್ಲಬ್ಬುಗಳ ದೊಡ್ಡ ಟೂರ್ನಿ ಎಎಫ್‌ಸಿ ಚಾಂಪಿಯನ್ಸ್ ಲೀಗಿನ ಗುಂಪು ಹಂತ ಆಡಿದ ಮೊದಲ ಭಾರತೀಯ ಕ್ಲಬ್ ಆಯಿತು. ಅಂದಿನಿಂದ ರೊಂಡೊ ಹೊತ್ತಿನಲ್ಲಿ ನಾನು ತಿನ್ನುವುದಿಲ್ಲ.

ಹೇಗೆ ನೋಡಬೇಕು? ಚೆಂಡನ್ನು ಬಿಟ್ಟುಬಿಡಿ. ಕಣ್ಣು ತಾನಾಗಿಯೇ ಅದರ ಹಿಂದೆ ಹೋಗುತ್ತದೆ, ಎಳೆದು ತರಬೇಕು. ಒಬ್ಬನನ್ನು ಆರಿಸಿ ಹತ್ತು ನಿಮಿಷ ಅವನೊಬ್ಬನನ್ನೇ ನೋಡಿ. ಚೆಂಡು ಇನ್ನೂ ಬೇರೆಯವನ ಹತ್ತಿರ ಇದ್ದಾಗ ಅವನು ಕತ್ತು ತಿರುಗಿಸಿ ಸುತ್ತ ನೋಡುತ್ತಾನೋ? ಎಷ್ಟು ಸಲ? ಚೆಂಡು ಬಂದಾಗ ಹತ್ತಿರದ ಕಾಲಿಗೆ ತೆಗೆದುಕೊಳ್ಳುತ್ತಾನೋ, ಆಚೆ ಕಾಲಿಗೋ? ಆಚೆ ಕಾಲಿಗೆ ಬಿಟ್ಟುಕೊಂಡರೆ ಸೊಂಟ ಆಗಲೇ ತೆರೆದಿರುತ್ತದೆ, ಅರ್ಧ ಮೈದಾನ ಎದುರಿಗಿರುತ್ತದೆ. ಹತ್ತಿರದ ಕಾಲಿಗೆ ಬಂದರೆ ತಿರುಗಲು ಇನ್ನೊಂದು ಮುಟ್ಟು ಬೇಕು. ಆ ಇನ್ನೊಂದು ಮುಟ್ಟಿನಲ್ಲೇ ಚೆಂಡು ಹೋಗುತ್ತದೆ. ನೂರು ಟೊಮೆಟೊ ಬುಟ್ಟಿಯಲ್ಲಿ ಸುರಿದಾಗ ನಾವು ಕೆಂಪನ್ನು ಹುಡುಕುವುದಿಲ್ಲ, ಕಲೆ ಹುಡುಕುತ್ತೇವೆ. ಇಲ್ಲೂ ಹಾಗೆಯೇ. ಯಾರ ಹತ್ತಿರ ಆಟ ಪ್ರತಿ ಸಲ ಅರ್ಧ ಸೆಕೆಂಡ್ ನಿಧಾನವಾಗುತ್ತದೆ, ಅವನನ್ನು ಹುಡುಕಿ. ಮ್ಯಾಚಿನಲ್ಲಿ ಎದುರಾಳಿಗಳು ಅವನ ಮೇಲೆಯೇ ಬೀಳುತ್ತಾರೆ.

ಬೀಳುವುದಕ್ಕೂ ಒಂದು ಹೊತ್ತಿದೆ. ಪ್ರೆಸ್ಸಿಂಗ್, ಅಂದರೆ ಚೆಂಡು ಕಸಿಯಲು ಒಟ್ಟಾಗಿ ಎದುರಾಳಿಯ ಮೇಲೆ ಬೀಳುವ ಅಭ್ಯಾಸ ನಡೆಯುವಾಗ ನಮ್ಮವರಿಗೆ ಇದನ್ನು ಕಬಡ್ಡಿ ಹೇಳಿ ಅರ್ಥ ಮಾಡಿಸಿದೆ. ರೈಡರ್ ಒಳಗೆ ಬಂದ ಕೂಡಲೇ ಯಾರಾದರೂ ನುಗ್ಗುತ್ತಾರಾ? ಇಲ್ಲ. ಸರಪಳಿ ಹಿಡಿದು ಹಿಂದೆ ಸರಿಯುತ್ತಾ ಅವನನ್ನು ಮೂಲೆಗೆ ಬಿಟ್ಟುಕೊಳ್ಳುತ್ತಾರೆ. ಮೂಲೆಯವನು ಕಾಲಿಗೆ ಕೈ ಹಾಕಿದ ಮೇಲೆ ಎಲ್ಲರೂ ಒಟ್ಟಿಗೆ. ಫುಟ್‌ಬಾಲಿನಲ್ಲೂ ಒಂದು ಗುರುತಿಗಾಗಿ ಕಾಯುತ್ತಾರೆ. ಎದುರಾಳಿ ಚೆಂಡನ್ನು ಗೆರೆಯ ಬದಿಗೆ ಕೊಟ್ಟಾಗ, ಅಥವಾ ಹಿಂದಕ್ಕೆ ಕೊಟ್ಟಾಗ, ಅಥವಾ ಅವನ ಮೊದಲ ಮುಟ್ಟು ಕಾಲಿನಿಂದ ದೂರ ಚಿಮ್ಮಿದಾಗ. ಆಗ ಮೊದಲು ಓಡುವವನು ಹೀರೊ ಅಲ್ಲ. ಅವನ ಹಿಂದೆ ಎರಡನೆಯವನು ಅದೇ ಕ್ಷಣಕ್ಕೆ ಹೊರಟನೋ ಇಲ್ಲವೋ, ಅದನ್ನು ನೋಡಿ. ಹೊರಡದಿದ್ದರೆ ಕೋಚ್ ಸೀಟಿ ಊದಿ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸುತ್ತಾರೆ. ನಿಂತ ಆ ಚಿತ್ರವೇ ಪಾಠ. ಯಾರು ಎಲ್ಲಿರಬೇಕಿತ್ತು ಎಂದು ಕೈ ಮಾಡಿ ತೋರಿಸುತ್ತಾರೆ, ನಮಗೂ ಕಾಣುತ್ತದೆ.

ಸಣ್ಣ ಮೈದಾನದಲ್ಲಿ ನಾಲ್ಕು-ನಾಲ್ಕು ಜನ ಆಡುವಾಗ ನಾನು ಒಮ್ಮೆ ಜೋರಾಗಿ ಮೋಸ ಹೋಗಿದ್ದೆ. ಒಂದು ಕಡೆ ಕಿತ್ತಳೆ, ಒಂದು ಕಡೆ ನೀಲಿ. ನಡುವೆ ಹಳದಿ ಅಂಗಿಯವನೊಬ್ಬ ಇಬ್ಬರಿಗೂ ಪಾಸ್ ಕೊಡುತ್ತಿದ್ದ. 'ಇವನೇನು ಎರಡೂ ಕಡೆ ಉಣ್ಣುವವನು' ಎಂದು ಗೌಂಡಿಗೆ ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಗೋವಾದ ಹಿರಿಯರೊಬ್ಬರು ನಕ್ಕು ಬಿಡಿಸಿ ಹೇಳಿದರು. ಅವನು ಜೋಕರ್. ಚೆಂಡು ಯಾರ ಹತ್ತಿರವೋ ಅವರ ಕಡೆಯವನು. ಅದರಿಂದ ಚೆಂಡಿರುವವರು ಯಾವಾಗಲೂ ಒಬ್ಬ ಜಾಸ್ತಿ. ಆ ಬಿಡುವಾಗಿರುವ ಒಬ್ಬನನ್ನು ಹುಡುಕುವುದೇ ಆ ಆಟದ ಉದ್ದೇಶ. ಗೋಲೆಷ್ಟಾಯಿತು ಎಂದು ಅಲ್ಲಿ ಯಾರೂ ಎಣಿಸುತ್ತಿರಲಿಲ್ಲ, ನನ್ನನ್ನು ಬಿಟ್ಟು.

ಇನ್ನೊಂದು ವಿಚಿತ್ರ ನೋಡುತ್ತೀರಿ. ಹನ್ನೊಂದು ಜನರ ತಂಡ, ಎದುರಾಳಿಗಳೇ ಇಲ್ಲದೆ ಆಡುತ್ತದೆ. ಕಾಣುವವರಿಗೆ ಹುಚ್ಚಾಟ. ಅದು ದಾರಿ ಬಾಯಿಪಾಠ ಮಾಡುವುದು. ಆಗ ಹಿಂದಿನ ನಾಲ್ವರನ್ನು ನೋಡಿ. ಚೆಂಡು ಬಲಕ್ಕೆ ಹೋದರೆ ನಾಲ್ವರೂ ಬಲಕ್ಕೆ, ಚೆಂಡು ಹಿಂದೆ ಹೋದರೆ ನಾಲ್ವರೂ ಮುಂದಕ್ಕೆ. ಕಾಣದ ಹಗ್ಗ ಕಟ್ಟಿದ ಹಾಗೆ ಇರಬೇಕು.

ಕಿವಿಯನ್ನೂ ತೆರೆದಿಡಿ. ಮ್ಯಾಚಿನ ಗದ್ದಲದಲ್ಲಿ ಕೇಳಿಸದ್ದು ಇಲ್ಲಿ ಕೇಳಿಸುತ್ತದೆ. 'ಮ್ಯಾನ್ ಆನ್' ಅಂದರೆ ಹಿಂದೆ ಒಬ್ಬ ಬಂದ. 'ಟರ್ನ್' ಅಂದರೆ ಯಾರೂ ಇಲ್ಲ, ತಿರುಗು. 'ಸ್ವಿಚ್' ಅಂದರೆ ಆಚೆ ಬದಿಗೆ ಕಳಿಸು. ಇಂಗ್ಲಿಷ್, ಕೊಂಕಣಿ, ಹಿಂದಿ ಎಲ್ಲ ಕಲಸಿರುತ್ತದೆ. ಭಾಷೆ ಬಾರದ ಹೊಸ ವಿದೇಶಿ ಆಟಗಾರನಿಗೆ ಈ ಮೂರು ನಾಲ್ಕು ಮಾತೇ ಸಂಸಾರ. ಯಾರು ಬಾಯಿ ಬಿಡುವುದಿಲ್ಲವೋ ಅವನ ಪಕ್ಕದವನು ಪದೇ ಪದೇ ಚೆಂಡು ಕಳೆದುಕೊಳ್ಳುತ್ತಾನೆ, ಗಮನಿಸಿ.

ಕೊನೆಗೆ ಕಾರ್ನರ್, ಫ್ರೀ ಕಿಕ್ ಅಭ್ಯಾಸ. ಇಲ್ಲಿ ಫೋನ್ ಜೇಬಿನಲ್ಲಿರಲಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಒಂದು ಕ್ಲಬ್ಬಿನ ಪ್ರಾಕ್ಟೀಸ್‌ನಲ್ಲಿ ಕಾರ್ನರ್ ವಿಡಿಯೊ ಮಾಡುತ್ತಾ ನಿಂತಿದ್ದೆ, ಊರಲ್ಲಿ ಅಳಿಯನಿಗೆ ಕಳಿಸೋಣ ಅಂತ. ಒಬ್ಬರು ಬಂದು ನನ್ನೆದುರೇ ಅಳಿಸಿ ಹಾಕಿಸಿ ಗೇಟಿನ ತನಕ ಬಿಟ್ಟು ಬಂದರು. ತಪ್ಪು ನನ್ನದೇ. ಯಾರು ಯಾರನ್ನು ಅಡ್ಡಗಟ್ಟುತ್ತಾರೆ, ಯಾರು ಗೋಲಿನ ಮೊದಲ ಕಂಬಕ್ಕೆ ಓಡುತ್ತಾರೆ ಎನ್ನುವುದು ಅವರ ಗುಟ್ಟು. ಹೊರಗೆ ಹೋದರೆ ವಾರಗಟ್ಟಲೆ ಬೆವರು ನೀರುಪಾಲು. ಕಣ್ಣಲ್ಲಿ ನೋಡಿ, ಸಾಕು. ಹೆಸರು ಹಿಡಿದು ಕೂಗುವುದೂ ಬೇಡ, ಸೆಲ್ಫಿ ಕೇಳುವುದಿದ್ದರೆ ಎಲ್ಲ ಮುಗಿದ ಮೇಲೆ.

ಮುಗಿದ ಮೇಲೂ ತಕ್ಷಣ ಹೊರಡಬೇಡಿ. ಎಲ್ಲರೂ ನೀರು ಕುಡಿದು ಮೈ ಎಳೆಯುತ್ತಿರುವಾಗ ಒಬ್ಬಿಬ್ಬರು ಉಳಿಯುತ್ತಾರೆ. ಒಬ್ಬ ಎಡಗಾಲಲ್ಲಿ ಕ್ರಾಸ್, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು, ಹಾಕುತ್ತಲೇ ಇರುತ್ತಾನೆ. ಹೊಸ ಹುಡುಗ ಗುರುತಿಗೆ ಇಟ್ಟ ಪ್ಲಾಸ್ಟಿಕ್ ಕೋನ್‌ಗಳನ್ನು ಆರಿಸುತ್ತಾನೆ. ಸಾಮಾನು ನೋಡಿಕೊಳ್ಳುವವರು ಚೆಂಡುಗಳನ್ನು ಎರಡು ಸಲ ಎಣಿಸಿ ಬಲೆ ಚೀಲಕ್ಕೆ ತುಂಬುತ್ತಾರೆ. ಹೋದ ವರ್ಷ ಒಂದು ಸಂಜೆ ಎಣಿಕೆಗೆ ಒಂದು ಕಡಿಮೆ ಬಂತು. ಆಚೆ ಪೊದೆಗೆ ಹಾರಿದ್ದನ್ನು ನಮ್ಮ ಗೌಂಡಿ ನೋಡಿದ್ದ. ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿಗಿಳಿದು ತಂದುಕೊಟ್ಟ. ಕೈಯಲ್ಲಿ ಕೊಡು ಅಂದರೆ ಕೇಳಲಿಲ್ಲ, ದೂರದಿಂದಲೇ ಒದ್ದ. ಚೆಂಡು ಸೀದಾ ನನ್ನ ಕೊಡೆಗೆ ಬಡಿದು ಎರಡು ಕಡ್ಡಿ ಮುರಿಯಿತು. ಕ್ರಾಸ್ ಹಾಕುತ್ತಿದ್ದವನು ನಿಂತು ಚಪ್ಪಾಳೆ ತಟ್ಟಿದ. ಮಾಪ್ಸಾ ಬಸ್ಸಿನಲ್ಲಿ ಗೌಂಡಿ ಆ ಚಪ್ಪಾಳೆಯ ಮಾತೇ ಆಡಿದ. ಕೊಡೆಯ ದುಡ್ಡು ಇನ್ನೂ ಕೊಟ್ಟಿಲ್ಲ.